ವರ್ಷದ ಹುಣ್ಣು

ನೊಣದ ಕೋಣೆಯ ಹಿಂದಿನ ವರಾಂಡ,
ಸೋಮವಾರ, ಹದಿನಾರನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮೊಂಡಿ,

ಹೇಗಿದ್ದೀಯೇ? ಬೆಳಿಗ್ಗೆ ಎದ್ದ ತಕ್ಷಣ ಬೆರಳು ಮಡಚಲು ಬರುತ್ತದೋ, ಇಲ್ಲ ಇನ್ನೂ ಬಿಸಿನೀರಿನಲ್ಲಿ ಅರ್ಧ ಗಂಟೆ ಕೈ ಅದ್ದಿಕೊಂಡೇ ಕೂರಬೇಕೋ? ಮಣಿಕಟ್ಟಿನ ಊತ ಇಳಿಯಿತಾ? ಕತ್ತರಿ ಹಿಡಿಯಲು ಆಗುತ್ತಿಲ್ಲ, ರವಿಕೆಗಳಿಗೆಲ್ಲ ಹುಕ್ಕು ಹಾಕುವ ಕೆಲಸವನ್ನು ಎದುರು ಮನೆಯವಳಿಗೆ ಕೊಟ್ಟುಬಿಟ್ಟೆ ಎಂದು ನೀನು ಹೇಳಿದಾಗಿನಿಂದ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ. ಹೊಲಿಗೆ ಯಂತ್ರದ ಮುಂದೆ ಯಾರನ್ನೂ ಕೂರಗೊಡದವಳು ನೀನು. ಅಮ್ಮ ಚೆನ್ನಾಗಿದ್ದಾಳೆ. ಕಿವಿ ಮಂದವಾಗಿದೆ, ಆದರೆ ನಾನು ಅಡುಗೆಮನೆಯಲ್ಲಿ ಗೊಣಗಿದ್ದು ಮಾತ್ರ ಹೊರಗೆ ಕೂತವಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ನಿನ್ನ ಮಾತು ಬಂದಾಗಲೆಲ್ಲ "ಅವಳ ಕೈ ಬಂಗಾರದ್ದು ಕಣೇ, ನಿನ್ನ ಥರ ಕತ್ತೆ ಗೊರಸಲ್ಲ" ಎನ್ನುತ್ತಾಳೆ. ಅನ್ನಲಿ ಬಿಡು, ನನಗೂ ಅಭ್ಯಾಸವಾಗಿದೆ.

ಇಪ್ಪತ್ತೊಂದಕ್ಕೆ ಹೊಸ ಇಂಜೆಕ್ಷನ್ ಶುರು ಎಂದೆಯಲ್ಲ, ಅದಕ್ಕೇ ಈ ಪತ್ರ. "ನಾಲ್ಕು ಡೋಸಲ್ಲಿ ಕೈ ಮೊದಲಿನ ಹಾಗಾಗತ್ತಂತೆ ಅಕ್ಕ" ಎಂದು ನೀನು ಕುಣಿಯುತ್ತಾ ಹೇಳಿದಾಗ ನಾನು "ಒಳ್ಳೇದಾಯ್ತು ಬಿಡೇ" ಎಂದು ಫೋನ್ ಇಟ್ಟುಬಿಟ್ಟೆ. ಆಮೇಲೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಗಂಡ ಎತ್ತಿ, ಸ್ಪೀಕರಿಗೆ ಹಾಕಿ, ನಿನಗೆ ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಕೊಟ್ಟ. ಒಳ್ಳೆಯ ಮನುಷ್ಯ, ಬೇರೆ ಮಾತಿಲ್ಲ. ಆದರೆ ಕೀವು, ತೊಡೆ, ಹುಣ್ಣು ಎಂಬ ಮಾತನ್ನು ತಂಗಿಯ ಗಂಡನ ಎದುರು ಆಡಲು ನನ್ನಂಥ ಬಜಾರಿಗೂ ನಾಲಿಗೆ ಏಳಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದುವ ತನಕ ಆ ಸೂಜಿಯನ್ನು ಚುಚ್ಚಿಸಿಕೊಳ್ಳಬೇಡ. ನಿನ್ನ ಜೀವದ ಮಾತು ಇದು, ಅಕ್ಕನ ಕೊರೆತ ಎಂದು ಮಡಚಿಡಬೇಡ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಸರಿಯಾಗಿ ಕೇಳಲಿಲ್ಲ, ನಾನೂ ಹೇಳಲಿಲ್ಲ. "ಪ್ರಯೋಗಾಲಯದಲ್ಲಿದ್ದಾಳೆ" ಎಂದು ನೀನು ಎಲ್ಲರ ಹತ್ತಿರ ಎದೆಯುಬ್ಬಿಸಿ ಹೇಳುತ್ತೀಯಂತೆ. ಎಂಥ ಪ್ರಯೋಗಾಲಯವೇ ತಾಯಿ! ಹನ್ನೊಂದು ವರ್ಷದಿಂದ ನಾನು ಮರಳುನೊಣ ಸಾಕುತ್ತಿದ್ದೇನೆ. ಜನ ಹಸು ಸಾಕುತ್ತಾರೆ, ಕೋಳಿ ಸಾಕುತ್ತಾರೆ, ನನ್ನ ಹಣೆಬರಹಕ್ಕೆ ನೊಣ. ಮರಿಹುಳುಗಳಿಗೆ ಊಟ ಏನು ಗೊತ್ತಾ? ಮೊಲದ ಹಿಕ್ಕೆ. ಹಿಕ್ಕೆಗೆ ಮೊಲದ ಮೇವನ್ನೇ ಬೆರೆಸಿ, ನೀರು ಚಿಮುಕಿಸಿ, ತಟ್ಟೆಯಲ್ಲಿ ಹರವಿ ವಾರಗಟ್ಟಲೆ ಕೊಳೆಯಲು ಬಿಡಬೇಕು. ಅದರ ಮೇಲೆ ಬಿಳಿ ಬೂಸ್ಟು ಹತ್ತಿಯಂತೆ ಎದ್ದು, ಆಮೇಲೆ ಕಪ್ಪಾಗಿ ಕೂರುತ್ತದೆ. ಅಷ್ಟಾದ ಮೇಲೆ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು, ಹುಳುಗಳ ಮೇಲೆ ಉಪ್ಪು ಉದುರಿಸಿದ ಹಾಗೆ ಉದುರಿಸಬೇಕು. ಈಗಲೂ ನನ್ನ ಪಕ್ಕದಲ್ಲಿ ನಾಲ್ಕು ತಟ್ಟೆ ಒಣಗುತ್ತಿವೆ, ಆ ಗಬ್ಬುನಾತದಲ್ಲೇ ಕೂತು ಬರೆಯುತ್ತಿದ್ದೇನೆ. ರೆಕ್ಕೆ ಬಂದ ಹೆಣ್ಣುಗಳಿಗೆ ರಕ್ತ ಬೇಕು. ಗಾಜಿನ ಬಟ್ಟಲಿನ ಬಾಯಿಗೆ ಕೋಳಿಮರಿಯ ಚರ್ಮವನ್ನು ಬಿಗಿದು, ಒಳಗೆ ರಕ್ತ ಬೆಚ್ಚಗಿಟ್ಟು ಕೊಡುತ್ತೇವೆ. ಕುಡಿದು ಕುಡಿದು ಹೊಟ್ಟೆ ದಾಳಿಂಬೆ ಕಾಳಿನ ಹಾಗೆ ಕೆಂಪಾಗಿ ಊದಿಕೊಂಡು, ಹಾರಲಾರದೆ ಗೋಡೆಗೆ ಅಂಟಿ ಕೂರುತ್ತವೆ, ಥೂ. ಮೊದಲ ತಿಂಗಳು ನಾನು ಬುತ್ತಿಯನ್ನು ಬಿಚ್ಚದೆ ಹಾಗೇ ಮನೆಗೆ ತರುತ್ತಿದ್ದೆ. ಈಗ ಕೈ ತೊಳೆದು ತಿನ್ನುತ್ತೇನೆ, ಹೊಟ್ಟೆಪಾಡು. ಆದರೆ ಹೇಸಿಗೆ ಹೋಗಿಲ್ಲ ಕಣೇ. ಹೇಸಿಗೆ ಹೋದ ದಿನ ಈ ಕೆಲಸ ಬಿಟ್ಟುಬಿಡುತ್ತೇನೆ ಎಂದು ಡಾಕ್ಟರಮ್ಮನಿಗೆ ಹೇಳಿದ್ದೇನೆ.

ಡಾಕ್ಟರಮ್ಮ ಎಂದರೆ ನಮ್ಮ ವಿಭಾಗದ ಮುಖ್ಯಸ್ಥೆ. ಗಂಟೆಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣು ನೆಟ್ಟು ಕೂರುವ ಹೆಂಗಸು. ಅವರು ಬೋರ್ಡಿನ ಮೇಲೆ ಲೀಶ್ಮೇನಿಯಾಸಿಸ್ ಎಂದು ಬರೆಯುತ್ತಾರಲ್ಲ, ಅದೇ ನಮ್ಮ ಹಳೆಯ ಬೀದಿಯ ವರ್ಷದ ಹುಣ್ಣು. ಅದು ಹೇಗೆ ಬರುತ್ತದೆ ಎಂದು ಅವರು ತೋರಿಸಿದ ದಿನ ನಾನು ಬಚ್ಚಲಿಗೆ ಓಡಿ ಹೋಗಿ ವಾಂತಿ ಮಾಡಿಕೊಂಡೆ. ಸೊಳ್ಳೆಯಾದರೆ ಸೂಜಿ ಚುಚ್ಚಿ ಹೀರಿಕೊಂಡು ಹೋಗುತ್ತದೆ, ಅದಕ್ಕೊಂದು ಮರ್ಯಾದೆ ಇದೆ. ಈ ಮರಳುನೊಣ, ಎಳ್ಳಿಗಿಂತ ಚಿಕ್ಕದು, ಮೈತುಂಬ ಕೂದಲು, ರೆಕ್ಕೆ ಎತ್ತಿಕೊಂಡೇ ಕೂರುತ್ತದೆ, ಹಾರಿದರೆ ಸದ್ದಿಲ್ಲ. ಚರ್ಮವನ್ನು ಗರಗಸದಂತೆ ಕೊಯ್ದು, ಅಲ್ಲಿ ರಕ್ತ ಮಡುಗಟ್ಟುವಂತೆ ಮಾಡಿ, ಎಂಜಲು ಬೆರೆಸಿ ಕುಡಿಯುತ್ತದೆ. ರೋಗ ಹೊತ್ತ ನೊಣದ ಗಂಟಲಲ್ಲಿ ಕಣ್ಣಿಗೆ ಕಾಣದ ರೋಗದ ಹುಳುಗಳು ಸಿಂಬಳದಂಥ ಗೊಂಡೆ ಕಟ್ಟಿಕೊಂಡು ಕೂತಿರುತ್ತವಂತೆ. ಅದಕ್ಕೆ ನುಂಗಲು ಆಗುವುದಿಲ್ಲ. ಆಗ ಏನು ಮಾಡುತ್ತದೆ? ಆ ಗೊಂಡೆಯನ್ನು ನಮ್ಮ ಗಾಯದೊಳಕ್ಕೆ ಕಕ್ಕುತ್ತದೆ. ಕಕ್ಕಿ, ಗಂಟಲು ಸಡಿಲ ಮಾಡಿಕೊಂಡು, ಮತ್ತೆ ಅಲ್ಲೇ ಕುಡಿಯುತ್ತದೆ. ಆ ಬೀದಿಯಲ್ಲಿ ಹುಟ್ಟಿ ಬೆಳೆದ ನಾವೆಲ್ಲ ನೊಣದ ವಾಂತಿಯನ್ನು ಮೈಯಲ್ಲಿ ಇಟ್ಟುಕೊಂಡು ಪೌಡರು ಹಚ್ಚಿಕೊಂಡವರು.

ಇನ್ನು ಒಳಗಿನ ಕಥೆ ಕೇಳು, ನಿನಗೆ ಬೇಕಾದದ್ದು ಇದೇ. ಹುಳು ಒಳಗೆ ಬಿದ್ದ ಕೂಡಲೇ ಬಿಳಿ ರಕ್ತಕಣಗಳು ಓಡಿ ಬಂದು ಅದನ್ನು ನುಂಗುತ್ತವೆ. ನುಂಗಿದರೆ ಸಾಯಬೇಕಲ್ಲ? ಸಾಯುವುದಿಲ್ಲ. ನುಂಗಿದವನ ಹೊಟ್ಟೆಯಲ್ಲೇ ಮನೆ ಮಾಡಿ, ಮರಿ ಹಾಕಿ, ಕೊನೆಗೆ ಆ ಹೊಟ್ಟೆಯನ್ನೇ ಒಡೆದು ಪಕ್ಕದವನ ಹೊಟ್ಟೆಗೆ ಹೋಗುತ್ತದೆ. ಮನೆ ಕಾಯಲು ಬಂದವನೇ ಕಳ್ಳನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ. ಕೆಲವು ವಾರ ಕಳೆದ ಮೇಲೆ ಮೈಯೊಳಗಿನ ಇನ್ನೊಂದು ಜಾತಿಯ ಕಣಗಳು ಬರುತ್ತವೆ. ಡಾಕ್ಟರಮ್ಮ ಅವುಗಳನ್ನು ಮೇಸ್ತ್ರಿಗಳು ಎನ್ನುತ್ತಾರೆ, ನನಗೆ ಅರ್ಥವಾಗಲಿ ಎಂದು. ಒಳ್ಳೆಯ ಮೇಸ್ತ್ರಿ ಬಂದರೆ "ಹೊಟ್ಟೇಲಿರೋದನ್ನ ಸುಡು" ಎಂದು ಕೂಗಿ ಹೇಳುತ್ತಾನೆ, ಆಗ ಹುಣ್ಣು ವರ್ಷದೊಳಗೆ ಒಣಗುತ್ತದೆ. ಕೆಲವರ ಮೈಗೆ ತಪ್ಪು ಮೇಸ್ತ್ರಿ ಬರುತ್ತಾನೆ. ಅವನು ಕೆಲಸಕ್ಕೆ ಬಾರದ ಆಜ್ಞೆ ಕೊಡುತ್ತಾ ಕೂರುತ್ತಾನೆ, ಹುಣ್ಣು ವರ್ಷಗಟ್ಟಲೆ ಸೋರುತ್ತದೆ. ಕೆಲವು ಸಲ ಹುಳುವೇ ಮೊಂಡ ಜಾತಿಯದು, ಯಾವ ಮೇಸ್ತ್ರಿಗೂ ಬಗ್ಗುವುದಿಲ್ಲ. ಒಳ್ಳೆಯ ಮೇಸ್ತ್ರಿ ಬಂದ ಮೈಯಲ್ಲೂ ಹುಳು ಪೂರ್ತಿ ಸಾಯುವುದಿಲ್ಲವಂತೆ! ನಾಲ್ಕು ಹುಳ ಕಲೆಯ ಅಡಿಯಲ್ಲಿ ಸುಮ್ಮನೆ ಬಿದ್ದಿರುತ್ತವೆ, ಜೀವಮಾನ ಪೂರ್ತಿ. ಅವು ಇರುವುದರಿಂದಲೇ ಕಾವಲು ಎಚ್ಚರವಾಗಿರುತ್ತದೆ, ಅದಕ್ಕೇ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಇದನ್ನು ಕೇಳಿದ ದಿನದಿಂದ ಸ್ನಾನ ಮಾಡುವಾಗ ನನ್ನ ತೊಡೆಯ ಕಲೆಯನ್ನು ನಾನು ಮುಟ್ಟುವುದಿಲ್ಲ, ಬಟ್ಟೆಯಲ್ಲಿ ಒರೆಸಿಬಿಡುತ್ತೇನೆ.

ನಿನ್ನ ಹೊಸ ಇಂಜೆಕ್ಷನ್ ಇದೆಯಲ್ಲ, ಅದು ಆ ಮೇಸ್ತ್ರಿಯ ಕೂಗನ್ನು ಅಡಗಿಸುವ ಔಷಧಿ. ಕೀಲುಗಳಲ್ಲಿ ಅವನು ಕಾರಣವಿಲ್ಲದೆ ಕೂಗುತ್ತಿದ್ದಾನೆ, ಅದಕ್ಕೇ ನಿನ್ನ ಬೆರಳು ಊದುತ್ತಿವೆ. ಕೂಗು ನಿಂತರೆ ಊತ ಇಳಿಯುತ್ತದೆ, ನಿಜ. ಆದರೆ ಎಲ್ಲ ಕಡೆಯೂ ನಿಲ್ಲುತ್ತದೆ. ಹೋದ ತಿಂಗಳು ನಮ್ಮ ಹೊರರೋಗಿ ವಿಭಾಗಕ್ಕೆ ಒಬ್ಬ ಬಡಗಿ ಬಂದಿದ್ದ. ಮೂವತ್ತು ವರ್ಷದ ಹಿಂದೆ ಮೊಣಕೈ ಮೇಲೆ ಹುಣ್ಣಾಗಿ ಒಣಗಿತ್ತು, ಮರೆತೇ ಬಿಟ್ಟಿದ್ದ. ಬೆನ್ನುನೋವಿಗೆ ಇದೇ ಥರದ ಇಂಜೆಕ್ಷನ್ ಕೊಟ್ಟರು. ಐದನೇ ತಿಂಗಳಿಗೆ ಹಳೆಯ ಕಲೆ ಒಡೆಯಿತು, ಆಮೇಲೆ ಕಿವಿ, ಮೂಗು. ನಾನು ಅವನ ಪಕ್ಕ ರಕ್ತದ ಟ್ಯೂಬು ಹಿಡಿದುಕೊಂಡು ನಿಂತಿದ್ದೆ. ಮೂಗಿನ ಒಂದು ಪಕ್ಕ ನೆನೆದ ರೊಟ್ಟಿಯ ಹಾಗೆ ಉದುರುತ್ತಿತ್ತು. ಆ ಮನುಷ್ಯ ನನ್ನ ಮುಖ ನೋಡಿ "ವಾಸನೆ ಬರ್ತಿದ್ಯಾ ಅಕ್ಕಾ?" ಎಂದು ಕೇಳಿದ. ಇಲ್ಲ ಎಂದೆ. ಬರುತ್ತಿತ್ತು. ಅವನು ಬದುಕಿದ್ದಾನೆ, ಔಷಧಿ ನಡೆಯುತ್ತಿದೆ, ಆದರೆ ಹೋದ ಮೂಗು ಹೋದದ್ದೇ.

ನಿನಗೆ ಇದರಲ್ಲೇನು ಎಂದು ಕೇಳಬೇಡ, ಗೊತ್ತಿದೆಯಲ್ಲ. ನಿನ್ನ ತೊಡೆಯ ಮೇಲೂ ಇದೆ, ನನ್ನ ತೊಡೆಯ ಮೇಲೂ ಇದೆ. ಅಜ್ಜಿಯ ಕೈಯ ಗುರುತು. ಆ ಬೀದಿಯಲ್ಲಿ ಗೋಡೆಯ ಬಿರುಕು, ಇಲಿಯ ಬಿಲ, ದನದ ಕೊಟ್ಟಿಗೆ, ಎಲ್ಲೆಂದರಲ್ಲಿ ನೊಣ. ಟೀಚರಮ್ಮನ ಕೆನ್ನೆಯಲ್ಲಿ ನಾಣ್ಯದಷ್ಟು ಗುಳಿ, ಪೋಸ್ಟ್‌ಮ್ಯಾನ್ ಮೂಗಿನ ತುದಿಯಲ್ಲಿ ಒಂದು. ಹೆಣ್ಣುಮಕ್ಕಳ ಮುಖಕ್ಕೆ ಬಂದರೆ ಮದುವೆ ಕಷ್ಟ ಎಂದು ಬೀದಿಯ ತಾಯಂದಿರೆಲ್ಲ ಮಕ್ಕಳನ್ನು ಅಜ್ಜಿಯ ಹತ್ತಿರ ಕರೆತರುತ್ತಿದ್ದರು. ಅಜ್ಜಿ ಒಂದು ಮಗುವಿನ ಹುಣ್ಣಿನ ಅಂಚಿನಿಂದ ಸೂಜಿಯ ಮೊನೆಯಲ್ಲಿ ಅಷ್ಟು ತೆಗೆದು, ಇನ್ನೊಂದು ಮಗುವಿನ ತೊಡೆಯಲ್ಲಿ, ಬಟ್ಟೆ ಮುಚ್ಚುವ ಕಡೆ, ಮೂರು ಗೀರು ಎಳೆಯುತ್ತಿದ್ದಳು. ಅಲ್ಲೊಂದು ಹುಣ್ಣಾಗಿ ಒಣಗಿದರೆ ಮುಖ ಉಳಿಯಿತು. ಅವಳಿಗೆ ಕಟ್ಟುನಿಟ್ಟು ಇತ್ತು. "ಗಟ್ಟಿಮುಟ್ಟಾದ ಮಗೂದೇ ಆಗ್ಬೇಕು, ಒಣಗ್ತಾ ಇರೋ ಹುಣ್ಣೇ ಆಗ್ಬೇಕು, ಸೋರೋದರ ಹತ್ರ ಹೋಗ್ಬಾರ್ದು" ಎನ್ನುತ್ತಿದ್ದಳು. ನೊಣ ಹಾರದ ಚಳಿಯ ತಿಂಗಳಲ್ಲೇ ಮಾಡುತ್ತಿದ್ದಳು. ಬಟ್ಟಲು ಹಿಡಿಯುವವಳು ನಾನು. ಆ ಬಟ್ಟಲಿನ ತಳದಲ್ಲಿ ಉಳಿಯುತ್ತಿದ್ದ ಹಳದಿ ಗೆರೆ ಈಗಲೂ ಕಣ್ಣಿಗೆ ಕಟ್ಟಿದೆ. ಬೀದಿಯವರು ನನ್ನನ್ನು ಮರಿ ಅಜ್ಜಿ ಎಂದು ಕರೆಯುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು "ನಿಮ್ಮಜ್ಜಿ ದಡ್ಡಿಯಲ್ಲ ಕಣಮ್ಮ, ನಾವಿನ್ನೂ ಅದನ್ನೇ ಲಸಿಕೆ ಅಂತ ಶೀಶೆಯಲ್ಲಿ ಮಾಡೋಕೆ ಒದ್ದಾಡ್ತಿದೀವಿ" ಎಂದರು. ಇರಬಹುದು. ಒಬ್ಬರ ಕೀವನ್ನು ಇನ್ನೊಬ್ಬರಿಗೆ ಹಚ್ಚುವುದು ಹೇಸಿಗೆಯೇ.

ಅಮ್ಮನ ಹೇಸಿಗೆಯನ್ನಂತೂ ಕೇಳುವುದೇ ಬೇಡ. ನನಗೆ ಮಾಡಿಸಿದಾಗ ಹುಣ್ಣು ಲಂಗಕ್ಕೆ ಅಂಟಿ, ದಿನಾ ಸಂಜೆ ನೀರು ಹಾಕಿ ನೆನೆಸಿ ಬಿಡಿಸಿದವಳು ಅವಳು. "ಚಿಕ್ಕದಕ್ಕೆ ಬೇಡ. ಕಂಡವರ ಕೀವು ನನ್ನ ಮಗೂಗೆ ಬೇಡ" ಎಂದು ಅತ್ತೆಯ ಎದುರು ನಿಂತು ಹೇಳಿದಳು. ಅಜ್ಜಿ ಸತ್ತು ಎರಡು ತಿಂಗಳಿಗೆ ನಿನ್ನ ತೊಡೆಯಲ್ಲಿ ಗುಳ್ಳೆ ಎದ್ದಾಗ, ಸಾಯುವ ಮುಂಚೆ ಮುದುಕಿ ಕದ್ದು ಮಾಡಿಹೋದಳು ಎಂದು ಅಮ್ಮ ಅಜ್ಜಿಯ ಫೋಟೋವನ್ನು ಗೋಡೆಯಿಂದ ಇಳಿಸಿ ಅಟ್ಟಕ್ಕೆ ಎಸೆದಳು. ಇವತ್ತಿಗೂ ಆ ಮಾತು ಬಂದರೆ ಶಾಪ ಹಾಕುತ್ತಾಳೆ.

ಈಗ ನೀನು ಮಾಡಬೇಕಾದದ್ದು ಇಷ್ಟೇ. ಇಪ್ಪತ್ತೊಂದಕ್ಕೆ ಹೋದಾಗ ಡಾಕ್ಟರಿಗೆ ಆ ಕಲೆಯನ್ನು ತೋರಿಸು, ನಾಚಬೇಡ. ಅಜ್ಜಿ ಹಾಕಿದ ಹುಣ್ಣು, ಬೇಗ ಒಣಗಿದ ಹುಣ್ಣಿನಿಂದ ತೆಗೆದದ್ದು ಎಂದು ಹೇಳು. ಅಂಥದ್ದಾದರೆ ಇಂಜೆಕ್ಷನ್ ಕೊಟ್ಟು, ತಿಂಗಳಿಗೊಮ್ಮೆ ಕಲೆಯನ್ನು ನೋಡುತ್ತಾ ಇದ್ದರೆ ಸಾಕಾಗಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ನಿನ್ನ ಬೆರಳು ಸೊಟ್ಟಗಾಗುವ ಮುಂಚೆ ಔಷಧಿ ಸಿಗಲೇಬೇಕು, ಅದು ನನಗೂ ಗೊತ್ತು.

ನಿನ್ನ ಗಂಡನಿಗೆ ನಾನು ಕೇಳಿದೆ ಎಂದು ಹೇಳು. ಮಕ್ಕಳಿಗೆ ನನ್ನ ಮುತ್ತು. ಕೈ ತೊಳೆದೇ ಕಳಿಸುತ್ತಿದ್ದೇನೆ ಎನ್ನು. ನಿನ್ನ ಕೈಗೆ ಬೇಗ ಬಲ ಬರಲಿ, ನೂರು ಕಾಲ ಸೂಜಿ ಹಿಡಿಯುವ ಹಾಗಾಗಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಕೊರಿಯರ್ ಅಂಗಡಿಯಲ್ಲಿ ನಿಂತು, ಅಂಟಿಸಿದ ಲಕೋಟೆಯನ್ನು ಹರಿದು ಬರೆಯುತ್ತಿದ್ದೇನೆ. ಇವರು ಐದು ಗಂಟೆಗೆ ಬಾಗಿಲು ಹಾಕುತ್ತಾರೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬರೆದೆ. ಸರದಿಯಲ್ಲಿ ನನ್ನ ಮುಂದೆ ಇಬ್ಬರಿದ್ದರು, ಆಗ ಹೊಳೆಯಿತು: ಅಜ್ಜಿಯದು ಎಂದು ನೀನು ಹೇಳುತ್ತೀ, ಹಾಗಾದರೆ ಪರವಾಗಿಲ್ಲ ಎಂದು ಅವರು ಚುಚ್ಚುತ್ತಾರೆ.

ಅದು ಅಜ್ಜಿಯದಲ್ಲ. ನಾನು ಮಾಡಿದ್ದು. ಅಜ್ಜಿ ಸತ್ತ ಹದಿನೈದನೇ ದಿನ. ನನಗೆ ಹದಿಮೂರು, ನಿನಗೆ ನಾಲ್ಕು. ಅವಳ ಸೂಜಿ ನನ್ನ ಪೆನ್ಸಿಲ್ ಡಬ್ಬಿಯಲ್ಲಿತ್ತು. ಒಣಗುತ್ತಿದ್ದ ಹುಣ್ಣಿನ ಮಗು ಆ ವಾರ ಬೀದಿಯಲ್ಲಿ ಒಂದೂ ಇರಲಿಲ್ಲ. ಮರದ ಡಿಪೋದ ಕಾವಲುಗಾರ ಮಧ್ಯಾಹ್ನ ಬೆಂಚಿನ ಮೇಲೆ ಬಾಯಿ ತೆರೆದು ಮಲಗುತ್ತಿದ್ದ, ನೆನಪಿದೆಯೋ ಇಲ್ಲವೋ. ಐದು ವರ್ಷದಿಂದ ಅವನ ಕಿವಿ ಸೋರುತ್ತಿತ್ತು, ನೊಣ ಮುತ್ತುತ್ತಿತ್ತು, ಯಾರೂ ಅವನ ಪಕ್ಕ ಕೂರುತ್ತಿರಲಿಲ್ಲ. ಅವನ ಕಿವಿಯಿಂದ ತೆಗೆದೆ. ನಿನ್ನ ಬಾಯಿಗೆ ಸಕ್ಕರೆ ಹಾಕಿ, ಮೂರು ಗೀರು ಎಳೆದೆ. ಎಲ್ಲರದೂ ವರ್ಷಕ್ಕೆ ಒಣಗಿದರೆ ನಿನ್ನದು ಒಣಗಲು ಎರಡೂವರೆ ವರ್ಷ ಹಿಡಿಯಿತು. ಅಮ್ಮ ಅಜ್ಜಿಯನ್ನು ಬೈಯುವಾಗ ನಾನು ಪಕ್ಕದಲ್ಲೇ ನಿಂತು ಬಟ್ಟೆ ಮಡಚುತ್ತಿದ್ದೆ.

ನಿನ್ನ ಮುಖ ಉಳಿಯಲಿ ಎಂದು ಮಾಡಿದೆ ಎಂದು ಬರೆಯಲು ಹೊರಟಿದ್ದೆ. ಹಾಗೇನಿಲ್ಲ. ನನ್ನ ಕೈಯಲ್ಲೂ ಹತ್ತುತ್ತದಾ ಇಲ್ಲವಾ ಎಂದು ನೋಡಬೇಕಿತ್ತು, ಅಷ್ಟೇ. ದಿನಾ ನಿನ್ನ ಫ್ರಾಕು ಎತ್ತಿ ನೋಡುತ್ತಿದ್ದೆ. ಗುಳ್ಳೆ ಎದ್ದ ದಿನ ಖುಷಿಪಟ್ಟೆ. ನೊಣ, ಹಿಕ್ಕೆ, ಕೀವು ಎಂದು ಇಷ್ಟುದ್ದ ಮೂಗು ಮುರಿದೆನಲ್ಲ, ಆ ಖುಷಿಯಷ್ಟು ಅಸಹ್ಯದ ಸಂಗತಿ ಇನ್ನೊಂದಿಲ್ಲ ಕಣೇ.

ಆ ಕಾವಲುಗಾರನದು ತಪ್ಪು ಮೇಸ್ತ್ರಿಯ ಮೈಯೋ, ಹುಳುವೇ ಮೊಂಡ ಜಾತಿಯದೋ, ನನಗೆ ಗೊತ್ತಿಲ್ಲ. ಡಾಕ್ಟರಮ್ಮನಿಗೆ ಈಗ ಫೋನಿನಲ್ಲಿ ನಿಜ ಹೇಳಿದೆ. ಅವರು "ಇಂಜೆಕ್ಷನ್ ನಿಲ್ಲಿಸಿ, ನಾಳೆನೇ ಕರೆಸಿ" ಎಂದರು. ಚರ್ಮದ ಚೂರು ತೆಗೆದು ನಮ್ಮಲ್ಲೇ ಪರೀಕ್ಷೆ ಮಾಡುತ್ತಾರೆ, ಕೈಗೆ ಬೇರೆ ಔಷಧಿ ಇದೆಯಂತೆ, ಅದನ್ನು ನಿಮ್ಮ ಡಾಕ್ಟರ ಜೊತೆ ಅವರೇ ಮಾತಾಡುತ್ತಾರೆ. ಯಾರು ಮಾಡಿದ್ದು ಎಂದು ಆಸ್ಪತ್ರೆಯವರು ಕೇಳಿದರೆ ಅಕ್ಕ ಎನ್ನು, ಬರೆದುಕೊಳ್ಳುವುದಾದರೆ ನನ್ನ ಪೂರ್ತಿ ಹೆಸರು ಕೊಡು. ಅಮ್ಮನಿಗೆ ನಾನು ಇಲ್ಲಿಂದ ನೇರ ಹೋಗಿ ಹೇಳುತ್ತೇನೆ. ಪತ್ರ ಬುಧವಾರ ನಿನ್ನ ಕೈ ಸೇರುತ್ತದೆಯಂತೆ, ಅಷ್ಟರೊಳಗೆ ನಿನ್ನ ಗಂಡ ಸ್ಪೀಕರಿಗೆ ಹಾಕಿದರೂ ಸರಿ, ಫೋನಿನಲ್ಲೂ ಹೇಳಿಬಿಡುತ್ತೇನೆ. ಬೈಯುವುದಿದ್ದರೆ ಆಮೇಲೆ ಬೈಯಿ, ಮೊದಲು ಆಸ್ಪತ್ರೆಗೆ ಫೋನ್ ಮಾಡು.